ಪಂಪ್‌ಸೆಟ್ಟಿನಿಂದ ಹುಟ್ಟಿದ ಖಗೋಳಜ್ಞ

ಎಂಬತ್ತೆಂಟನೇ ಇಸವಿಯಲ್ಲಿ ನಾನು ಕೊಳ್ಳೇಗಾಲದಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದೆ. ಯಳಂದೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಗಣಿತದ ಮೇಡಂಗೆ ಒಂದು ದೌರ್ಬಲ್ಯವಿತ್ತು. ಅವತ್ತು ಯಾವನಾದರೂ ಗಣಿತಜ್ಞನೋ ಖಗೋಳಜ್ಞನೋ ಹುಟ್ಟಿದ ದಿನವೆಂದು ತಿಳಿದರೆ ಸಾಕು, ಟೆಸ್ಟ್ ಮುಂದಕ್ಕೆ ಹಾಕಿ ಅವನ ಕತೆ ಹೇಳುತ್ತಿದ್ದರು.

ಇದನ್ನು ಪತ್ತೆ ಮಾಡಿದವಳು ಮಧುವನಹಳ್ಳಿಯ ನನ್ನ ಗೆಳತಿ. ಲೈಬ್ರರಿಯಲ್ಲಿ ವಿಜ್ಞಾನಿಗಳ ಹುಟ್ಟಿದ ತಾರೀಕುಗಳ ಪುಸ್ತಕ ಸಿಕ್ಕ ಮೇಲಂತೂ ನಮ್ಮನ್ನು ಹಿಡಿಯುವವರೇ ಇರಲಿಲ್ಲ. ಫೆಬ್ರವರಿಯಲ್ಲಿ ಒಂದೇ ವಾರಕ್ಕೆ ಇಬ್ಬರು ಸಿಕ್ಕರು: ಗುರುಗ್ರಹದ ಚಂದ್ರರನ್ನು ದೂರದರ್ಶಕದಲ್ಲಿ ಕಂಡವನು, ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದವನು. ಎರಡು ಟೆಸ್ಟ್ ಗೋತಾ.

ಮೂರನೆಯ ಟೆಸ್ಟಿನ ದಿನ ಪುಸ್ತಕದಲ್ಲಿ ಯಾರೂ ಹುಟ್ಟಿರಲಿಲ್ಲ. ನನಗೋ ಬೀಜಗಣಿತ ತಲೆಗೆ ಹತ್ತಿರಲಿಲ್ಲ.

"ನಾವೇ ಒಬ್ಬನ್ನ ಉಟ್ಟುಸ್ಬುಡಾವ ಕಣಮ್ಮಿ," ಎಂದಳು ಗೆಳತಿ.

ಅವರ ಗದ್ದೆಯ ಪಂಪ್‌ಸೆಟ್ಟಿನ ತಗಡಿನ ಮೇಲಿದ್ದ ಇಂಗ್ಲಿಷ್ ಹೆಸರನ್ನೇ ಅವನಿಗಿಟ್ಟು, ಬೆಳಿಗ್ಗೆ ಬೋರ್ಡಿನ ಮೇಲೆ ಆ ಹೆಸರು ಬರೆದು, ಕೆಳಗೆ 'ಮಹಾ ಖಗೋಳಜ್ಞ, ಇಂದು ಜನ್ಮದಿನ' ಎಂದು ದಪ್ಪಕ್ಷರದಲ್ಲಿ ಬರೆದೆವು. ಮೇಡಂ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಇವನ ಕತೆ ನಂಗೊತ್ತಿಲ್ವಲ್ಲ. ನೀನೇ ಹೇಳಮ್ಮ," ಎಂದು ನನ್ನನ್ನು ಎಬ್ಬಿಸಿ, ಕುರ್ಚಿಯಲ್ಲಿ ಆರಾಮಾಗಿ ಕೂತರು.

ಬಡವರ ಮನೆಯವನು, ಮರ ಹತ್ತಿ ನಕ್ಷತ್ರ ಎಣಿಸುತ್ತಿದ್ದ, ಹೆಂಡತಿ ಕೆಳಗೆ ನಿಂತು ಬೈಯುತ್ತಿದ್ದಳು ಎಂದೆಲ್ಲ ಬಾಯಿಗೆ ಬಂದದ್ದು ಒದರುತ್ತಿದ್ದೆ. ಅಷ್ಟರಲ್ಲಿ ಶಾಲೆಯ ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತರು. ಬೋರ್ಡು ನೋಡಿ ತಲೆದೂಗಿದರು.

"ಓ, ಇವರಾ! ಕಾಲೇಜಲ್ಲಿ ಓದಿದ್ದೆ. ಬಹಳ ದೊಡ್ಡ ಮನುಷ್ಯ. ಕೊನೆಗಾಲದಲ್ಲಿ ಕಷ್ಟಪಟ್ಟರು, ಪಾಪ."

ಗೆಳತಿ ಸುಮ್ಮನಿರಬೇಕಲ್ಲ. "ಯಾವೂರ್ನೋರು ಸಾ ಅವ್ರು?"

"ಜರ್ಮನಿ," ಎಂದರು ಥಟ್ಟನೆ.

ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಇನ್‌ಸ್ಪೆಕ್ಟರು ನನ್ನ ಬೆನ್ನು ತಟ್ಟಿ ಮುಂದಿನ ಕ್ಲಾಸಿಗೆ ಹೋದರು. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, "ಜರ್ಮನಿಯಂತೆ!" ಎಂದಷ್ಟೇ ಹೇಳಿ, ಬೋರ್ಡು ಅಳಿಸಿ ಟೆಸ್ಟಿನ ಪ್ರಶ್ನೆ ಬರೆಯತೊಡಗಿದರು.

ನನಗೆ ಇಪ್ಪತ್ತೈದಕ್ಕೆ ನಾಲ್ಕು ಬಂತು. ಬೈಗುಳವೇನೂ ಬೀಳಲಿಲ್ಲ; ಬದಲಿಗೆ ಮೇಡಂ ವಾರ್ಷಿಕ ಪರೀಕ್ಷೆ ಬರುವವರೆಗೂ ಊಟದ ಬಿಡುವಿನಲ್ಲಿ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಡಬ್ಬಿಯ ಮೊಸರನ್ನ ಹಂಚುತ್ತ ಬೀಜಗಣಿತ ತಿದ್ದಿಸಿದರು. ಇಬ್ಬರೂ ಪಾಸಾದೆವು. ಗೆಳತಿ ನನಗಿಂತ ಎಂಟು ಮಾರ್ಕು ಜಾಸ್ತಿ ತೆಗೆದಳು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.