ಅರ್ಧ ಆಳಿನ ಆಯವ್ಯಯ

ನಮ್ಮ ಗದ್ದೆ ಇಪ್ಪತ್ತು ಗುಂಟೆ. ಅದರ ಲೆಕ್ಕದ ಪುಸ್ತಕ ಇನ್ನೂರು ಪುಟ. ಎರಡರ ನಡುವಿನ ಅನುಪಾತ ಸರಿಯಿಲ್ಲವೆಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಗದ್ದೆ ಇರುವುದು ಕೇಣಿ ಎಂಬ ಊರಿನ ಹತ್ತಿರ, ಸಮುದ್ರ ಕಾಣದಿದ್ದರೂ ಕೇಳುವಷ್ಟು ದೂರದಲ್ಲಿ. ಮಳೆಗಾಲಕ್ಕೆ ಭತ್ತ, ಅದು ಮುಗಿದ ಮೇಲೆ ಶೇಂಗಾ. ಹೊಯ್ಗೆ ಬೆರೆತ ಸಡಿಲ ಮಣ್ಣು. ಶೇಂಗಾಕ್ಕೆ ಅದಕ್ಕಿಂತ ಮೆತ್ತನೆಯ ಹಾಸಿಗೆ ಸಿಗಲಾರದು. ಪುಸ್ತಕ ಮಾತ್ರ ಕಾರವಾರದ್ದು. ಅಲ್ಲಿಯ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ಎದ್ದು ಬಂದವನಿಗೆ ನಿವೃತ್ತಿಯ ಮರುದಿನವೇ ಕೈ ತುರಿಸತೊಡಗಿತು. ಮನೆಯಲ್ಲಿ ತಪಾಸಣೆಗೆ ಸಿಕ್ಕಿದ್ದು ಈ ಗದ್ದೆಯೊಂದೇ.

ಅಲ್ಲಿಯವರೆಗೆ ಗದ್ದೆಯ ಹಣಕಾಸು ಖಾತೆಯನ್ನು ನೋಡಿಕೊಳ್ಳುತ್ತಿದ್ದವಳು ನನ್ನ ಹೆಂಡತಿ ಸುಮತಿ. ಅವಳ ಪದ್ಧತಿಯಲ್ಲಿ ಪುಸ್ತಕಕ್ಕೆ ಜಾಗವಿರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದಷ್ಟು ಗೀಟು, ಮೆಂತೆಯ ಡಬ್ಬಿಯಲ್ಲಿ ಒಂದಷ್ಟು ನೋಟು. ಬೀಜ ತರುವಾಗ ಡಬ್ಬಿ ಇಳಿಯುತ್ತಿತ್ತು, ಶೇಂಗಾ ಮಾರಿದಾಗ ಏರುತ್ತಿತ್ತು. ಈ ಸಲ ಲಾಭವೋ ನಷ್ಟವೋ ಎಂದು ಕೇಳಿದರೆ “ಉಂಡ್ರಲ್ಲ?” ಎಂಬ ಮರುಪ್ರಶ್ನೆ. ಕಚೇರಿಯಲ್ಲಿ ಇಂಥ ಉತ್ತರ ಕೊಟ್ಟವರಿಗೆ ನಾನು ಮೂರು ಜ್ಞಾಪನ ಪತ್ರ ಕಳಿಸುತ್ತಿದ್ದೆ. ಮನೆಯಲ್ಲಿ ಆ ಸೌಲಭ್ಯವಿಲ್ಲ.

ನಾನು ಶಾಸ್ತ್ರೋಕ್ತವಾಗಿ ಆರಂಭಿಸಿದೆ. ಬೀಜ, ಟಿಲ್ಲರಿನ ಬಾಡಿಗೆ, ಮೀನಿನ ಗೊಬ್ಬರ, ಪಂಪಿನ ರಿಪೇರಿ, ಒಂದೊಂದಕ್ಕೂ ಬೇರೆ ಬೇರೆ ಬಾಬತ್ತು, ಕೆಳಗೆ ಕೆಂಪು ಶಾಯಿಯ ಜೋಡಿ ಗೆರೆ. ತೊಡಕು ಬಂದದ್ದು ನವಿಲಿನಲ್ಲಿ. ಬೆಳೆದ ಶೇಂಗಾದಲ್ಲಿ ಸಾಕಷ್ಟನ್ನು ನವಿಲು ಕೆದರಿ ತಿನ್ನುತ್ತದೆ. ಅದನ್ನು ಯಾವ ಬಾಬತ್ತಿಗೆ ಹಾಕುವುದು? ಹಿಂದೆ ಬೆಳೆಯ ಆರನೆಯ ಒಂದು ಪಾಲು ರಾಜನಿಗೆ ಸಲ್ಲಬೇಕೆಂದು ಶಾಸ್ತ್ರಕಾರರು ವಿಧಿಸಿದ್ದರು. ರಾಜರು ಹೋದರು, ಪಾಲು ಹೋಗಲಿಲ್ಲ. ಈಗ ವಸೂಲಿಗೆ ಬರುವವನಿಗೂ ಕಿರೀಟವಿದೆ, ಠೀವಿಯಿದೆ, ಮುಟ್ಟಿದರೆ ಜೈಲಿಗೆ ಕಳಿಸುವ ಕಾನೂನಿದೆ. ಬಹಳ ಯೋಚಿಸಿ ‘ರಾಜಾದಾಯ’ ಎಂದು ಹೊಸ ಬಾಬತ್ತು ತೆರೆದೆ.

ಎಲ್ಲವನ್ನೂ ಕಳೆದ ಮೇಲೆ ಉಳಿಯುತ್ತಿದ್ದ ಮೊತ್ತವನ್ನು ಲಾಭವೆಂದು ಕರೆಯಲು ಸ್ವಲ್ಪ ಧೈರ್ಯ ಬೇಕು. ಹೋದ ವರ್ಷ ಅದು ಒಂದು ಮಿಕ್ಸರಿನಷ್ಟಿತ್ತು, ಅದರ ಹಿಂದಿನ ವರ್ಷ ಮಿಕ್ಸರಿನ ಜಾರಿನಷ್ಟು. ಬೀಜದ ಬೆಲೆ ಒಂದು ಮೆಟ್ಟಿಲು ಏರಿದರೆ, ಪಂಪು ಒಂದು ಸಲ ಕೆಮ್ಮಿದರೆ, ಅದೂ ಇಲ್ಲ. ಇಷ್ಟು ಇಕ್ಕಟ್ಟಿನಲ್ಲಿ ನಡೆಯುವ ಸಂಸ್ಥೆಯಲ್ಲಿ ಒಂದು ಪೈಸೆಯ ಬಾಕಿಯೂ ಇರಬಾರದೆಂಬುದು ನನ್ನ ಸಿದ್ಧಾಂತ. ಹಾಗೆಂದು ಬಾಕಿ ಹುಡುಕುತ್ತ ಹೊರಟೆ. ಹುಡುಕಿದವನಿಗೆ ಸಿಕ್ಕಿದ್ದು ಮುಯ್ಯಾಳು.

ಮುಯ್ಯಾಳು ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಇವತ್ತು ನಿಮ್ಮ ಗದ್ದೆಗೆ ನಾನು ಬಂದು ದುಡಿಯುತ್ತೇನೆ, ನಾಳೆ ನನ್ನ ಗದ್ದೆಗೆ ನೀವು ಬರಬೇಕು. ಕೂಲಿಯಿಲ್ಲ, ಚಹಾ ಉಂಟು. ಒಬ್ಬರ ಒಂದು ದಿನದ ದುಡಿತಕ್ಕೆ ಒಂದು ಆಳು ಎಂದು ಲೆಕ್ಕ. ನಮ್ಮ ಮನೆಗೂ ಬೇಲಿಯಾಚೆಯ ಹೊನ್ನಕ್ಕನ ಮನೆಗೂ ಈ ವ್ಯವಹಾರ ನಾನು ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಬರುತ್ತಿದ್ದ ಅಷ್ಟೂ ವರ್ಷ ನನಗೆ ಅರಿವಿಲ್ಲದೆ ನಡೆದುಬಂದಿತ್ತು. ಕ್ಯಾಲೆಂಡರಿನ ಗೀಟುಗಳು ಅದರವೇ. ನಾನು ಅವನ್ನೆಲ್ಲ ಪುಸ್ತಕಕ್ಕೆ ಏರಿಸಿ ಕೂಡಿಸಿ ಕಳೆದೆ. ಹೊನ್ನಕ್ಕನ ಮನೆಯವರು ನಮ್ಮಲ್ಲಿ ಕಳೆ ಕೀಳಲು ಬಂದದ್ದು ಏಳು ಆಳು. ಸುಮತಿ ಅವರಲ್ಲಿಗೆ ಹೋದದ್ದು ನಾಲ್ಕು. ಮೂರು ದಿನ ನಮ್ಮ ಮೇಲೆ ಬಾಕಿ! ಮೂವತ್ತೊಂದು ವರ್ಷದ ಸೇವೆಯಲ್ಲಿ ಕಪ್ಪು ಚುಕ್ಕೆಯಿಲ್ಲದ ನನ್ನ ಮನೆಯಲ್ಲೇ ಇಂಥ ಅಕ್ರಮ.

ಸುಮತಿ ಆ ದಿನ ಕಾರವಾರದ ತಂಗಿಯ ಮನೆಗೆ ಹೋಗಿದ್ದಳು. ನಾನು ಮೂರು ದಿನದ ಕೂಲಿಯನ್ನು ಲಕೋಟೆಯಲ್ಲಿಟ್ಟು, ಒಂದು ರಸೀದಿ ಬರೆದು, ಹೊನ್ನಕ್ಕನನ್ನು ಜಗಲಿಗೆ ಕರೆದೆ. ಮೊತ್ತ ಸಣ್ಣದಾದ್ದರಿಂದ ರೆವೆನ್ಯೂ ಸ್ಟ್ಯಾಂಪು ಬೇಕಾಗಲಿಲ್ಲ. ಹೊನ್ನಕ್ಕ ನನಗಿಂತ ಆರೇಳು ವರ್ಷ ಹಿರಿಯಳು, ನನ್ನನ್ನು ತಮಾ ಎಂದೇ ಕರೆಯುವವಳು.

“ಇದೆಂತದು ತಮಾ?”

“ಮೂರು ಆಳಿಂದು ನಮ್ಮ ಬಾಕಿ ಇತ್ತಲ್ಲ ಹೊನ್ನಕ್ಕ. ಅದು.”

ಅವಳು ಲಕೋಟೆಯನ್ನೂ ನನ್ನನ್ನೂ ಒಂದೇ ರೀತಿ ತಿರುಗಿಸಿ ನೋಡಿದಳು.

“ಹಾಂಗಾರೆ ಇದು ಚುಕ್ತಾ?”

“ಚುಕ್ತಾ.”

“ಪೂರಾ?”

“ಪೂರಾ.”

ಅವಳು ನಿಧಾನವಾಗಿ ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದಳು. “ಬತ್ತೆ ಸಾಯಬ್ರೆ” ಎಂದು ಎದ್ದು ಹೋದಳು. ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಸಾಯಬ್ರೆ ಎಂದದ್ದನ್ನು ನಾನು ಲೆಕ್ಕಪತ್ರ ವಿಭಾಗಕ್ಕೆ ಸಂದ ಗೌರವವೆಂದು ತಿಳಿದೆ.

ಸುಮತಿ ಬಂದಾಗ ರಸೀದಿಯನ್ನು ಹೆಮ್ಮೆಯಿಂದ ತೋರಿಸಿದೆ. ಅವಳು ಚೀಲ ಕೆಳಗಿಡುವುದನ್ನೂ ಮರೆತು ನಿಂತಳು.

“ದುಡ್ಡು ಕೊಟ್ರಾ? ಹೊನ್ನಕ್ಕಂಗೆ? ಕೊಟ್ಟು ಸಹಿ ಬೇರೆ ತಕಂಡ್ರಾ?”

“ಬಾಕಿ ಇತ್ತು.”

“ಬಾಕಿ ಇರೂಕೇ ಅಲ್ರಾ ಅದು ಇರುದು!”

ಆಮೇಲೆ ತಿಳಿಯಿತು. ನಮ್ಮ ಕಡೆ ಮುಯ್ಯಿಯನ್ನು ದುಡ್ಡಿನಲ್ಲಿ ತೀರಿಸುವವರು ಎರಡೇ ಬಗೆಯವರಂತೆ: ಜಗಳ ಮಾಡಿಕೊಂಡವರು, ಇಲ್ಲವೇ ಗದ್ದೆ ಮಾರಿ ಊರು ಬಿಡುವವರು. ಸುಮತಿಯ ತವರು ಚೆಂಡಿಯಾ. ಅವರ ಗದ್ದೆ ನೌಕಾನೆಲೆಗೆ ಹೋದಾಗ ಅವಳ ತಂದೆ ಮನೆ ಮನೆಗೆ ತಿರುಗಿ ಮುಯ್ಯಿಯ ಲೆಕ್ಕ ಮುಗಿಸಿದ್ದನ್ನು ಅವಳು ಕಣ್ಣಾರೆ ಕಂಡವಳು. ಒಂದು ಮನೆಯಲ್ಲಿ ಎರಡು ಆಳಿನ ದುಡ್ಡು ತೆಗೆದುಕೊಳ್ಳಲು ಒಪ್ಪದೆ ಬಾಗಿಲು ಹಾಕಿಕೊಂಡರಂತೆ. ಇಷ್ಟನ್ನೂ ಅವಳು ಹೇಳಿದ್ದು ಅಕ್ಕಿ ಆರಿಸುತ್ತ, ನನ್ನ ಕಡೆ ನೋಡದೆ. ನನ್ನ ರಸೀದಿ ಮೇಜಿನ ಮೇಲೆ ಗಾಳಿಗೆ ಅಲುಗುತ್ತಿತ್ತು.

ಎರಡನೆಯ ಬಗೆಯ ವದಂತಿ ಹಬ್ಬಲು ನಾಲ್ಕು ದಿನ ಸಾಕಾಯಿತು. ಕಪ್ಪು ಕನ್ನಡಕದ ಒಬ್ಬಾತ ಸ್ಕೂಟರಿನಲ್ಲಿ ಬಂದು, ಎಂಜಿನ್ ಆರಿಸದೆಯೇ, “ಗದ್ದೆ ಕೊಡ್ತ್ರಂತಲ್ಲ, ರಸ್ತೆಗೆ ಹಚ್ಚಿ ಅದ್ಯಾ?” ಎಂದು ಕೇಳಿದ. ನನಗೆ ನಗು ಬಂತು. ಸುಮತಿಗೆ ಬರಲಿಲ್ಲ.

ನನ್ನ ನಗು ನಿಂತದ್ದು ಹದಿನೈದು ದಿನದ ಬಳಿಕ. ಶೇಂಗಾದ ಎಲೆ ಹಳದಿಯಾಗಿ ಚುಕ್ಕೆ ಬಿದ್ದವು. ಒಂದು ಗಿಡ ಕಿತ್ತು ನೋಡಿದರೆ ಕಾಯಿ ಬಲಿತಿತ್ತು. ಅದೇ ವಾರ ಆಕಾಶದಲ್ಲಿ ಅಕಾಲದ ಮೋಡ. ಬಲಿತ ಶೇಂಗಾದ ಮೇಲೆ ಮಳೆ ಬಿದ್ದರೆ ಕಾಯಿ ಮಣ್ಣಿನಲ್ಲೇ ಮೊಳೆಯುತ್ತದೆ. ಮೊಳೆತ ಶೇಂಗಾವನ್ನು ಯಾವ ವ್ಯಾಪಾರಿಯೂ ಕೊಳ್ಳುವುದಿಲ್ಲ. ನವಿಲು ಕೂಡ ಮೂಸಿ ಮುಂದೆ ಹೋಗುತ್ತದೆ. ಐದಾರು ದಿನದೊಳಗೆ ಕೀಳಬೇಕು. ಸುಮತಿ ಹೊನ್ನಕ್ಕನನ್ನು ಕರೆಯಲು ಹೋದಳು. ನಾನು ಬೇಲಿಯ ಈಚೆ ಬಾಳೆಗೆ ನೀರು ಬಿಡುವ ನೆಪದಲ್ಲಿ ನಿಂತಿದ್ದೆ.

“ಬರೂಕೆ ಅಡ್ಡಿಲ್ಲ ಸುಮತಿ,” ಎಂದಳು ಹೊನ್ನಕ್ಕ, ದನಿ ತಗ್ಗಿಸುವ ಗೋಜಿಗೆ ಹೋಗದೆ. “ಆದ್ರೆ ಯಾವ ಲೆಕ್ಕದಲ್ಲಿ ಬರುದು? ಸಾಯಬ್ರ ಪುಸ್ತಕದಲ್ಲಿ ನಮ್ಮದು ಎಂತದೂ ಇಲ್ಲ. ಸಹಿ ಹಾಕಿ ಕೊಟ್ಟಾಗದೆ.”

ಸುಮತಿ ವಾಪಸು ಬಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕತೊಡಗಿದಳು. ಅದನ್ನು ಕೇಳಿಸಿಕೊಂಡು ಸಹಿಸುವುದು ಕಷ್ಟವಾಗಿ ನಾನು ಪುಸ್ತಕ ತೆರೆದೆ. ಸುಂಕಸಾಳದ ಕಡೆಯಿಂದ ಕೂಲಿಯವರನ್ನು ಟೆಂಪೋದಲ್ಲಿ ತರಿಸುವ ಒಬ್ಬನ ನಂಬರು ಹಿಡಿದು ವಿಚಾರಿಸಿದೆ. ಆಳಿನ ಕೂಲಿ, ಟೆಂಪೋ ಬಾಡಿಗೆ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ತಂದವನ ಕಮಿಷನ್. ಬರೆಯುತ್ತ ಬರೆಯುತ್ತ ಕೆಂಪು ಗೆರೆಗೆ ಬಂದಾಗ ಮಿಕ್ಸರೂ ಹೋಗಿ ಜಾರೂ ಹೋಗಿ ನಾನು ಕೈಯಿಂದ ಕೊಡಬೇಕಾದ ಸ್ಥಿತಿ. ಹಿಂದಿನ ವರ್ಷಗಳ ಪುಟ ತಿರುಗಿಸಿದೆ. ಅಲ್ಲಿಯ ಲಾಭವೆಲ್ಲ ಹೊನ್ನಕ್ಕನ ಮನೆಯವರಿಗೆ ನಾವು ಕೊಡದೆ ಉಳಿದ ಕೂಲಿಯೇ ಆಗಿತ್ತು. ಅವರ ಗದ್ದೆಯ ಲಾಭ ಸುಮತಿಗೆ ಅವರು ಕೊಡದ ಕೂಲಿ. ನಾನು ಮೂರು ದಿನದ ಲೆಕ್ಕ ಮುಗಿಸಲು ಹೋಗಿ ಎರಡು ಮನೆಯ ಬೇಸಾಯವನ್ನೇ ಮುಗಿಸಿದ್ದೆ. ಅದೂ ಸ್ವಂತ ಖರ್ಚಿನಿಂದ.

ಸಂಜೆ ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡು ಹೊನ್ನಕ್ಕನ ಅಂಗಳಕ್ಕೆ ಹೋದೆ. ಅವಳು ತೆಂಗಿನ ಗರಿ ಸೀಳುತ್ತಿದ್ದಳು, ಏಳಲಿಲ್ಲ.

“ಹೊನ್ನಕ್ಕ, ಇದನ್ನ ಹರಿದು ಹಾಕ್ತೆ. ದುಡ್ಡು ವಾಪಸು ಕೊಡು, ಮೊದಲಿನ ಹಾಂಗೇ ಇರಲಿ.”

“ಆ ದುಡ್ಡಲ್ಲಿ ಪಂಪಿಗೆ ಪೈಪು ತಕಂಡೆ,” ಎಂದಳು. “ಬೇಕಾರೆ ಪೈಪು ಹರಿದು ಕೊಡ್ತೆ.”

ನಾನು ನಿಂತೇ ಇದ್ದೆ. ಕಚೇರಿಯಲ್ಲಿ ನನ್ನ ಮೇಜಿನ ಮುಂದೆ ಎಷ್ಟೋ ಜನ ಹೀಗೆ ನಿಂತಿದ್ದರು. ಅವರಿಗೆ ಕುರ್ಚಿ ಕೊಡಬಹುದಿತ್ತು ಎಂದು ಅನಿಸಿತು.

ಹೊನ್ನಕ್ಕ ಗರಿಯನ್ನು ಪಕ್ಕಕ್ಕಿಟ್ಟು ಕೇಳಿದಳು: “ಬಗ್ಗೂಕೆ ಬತ್ತದ್ಯಾ ನಿಂಗೆ?”

“ಸ್ವಲ್ಪ.”

“ನಾಳಿಂದ ನಮ್ಮ ಶೇಂಗಾ ಕೀಳುದು. ಸುಮತಿನೂ ಕರಕಂಡು ಬಾ ತಮಾ. ಪುಸ್ತಕ ಮನೆಲೇ ಇಟ್ಟು ಬಾ.”

ಹೀಗೆ ಅರವತ್ಮೂರನೆಯ ವಯಸ್ಸಿನಲ್ಲಿ ನನ್ನ ಮರುನೇಮಕಾತಿಯಾಯಿತು. ಶೇಂಗಾ ಕೀಳುವುದನ್ನು ದೂರದಿಂದ ನೋಡಿದವರಿಗೆ ಅದು ಕಷ್ಟದ ಕೆಲಸವೆನಿಸದು. ಗಿಡದ ಬುಡ ಹಿಡಿಯಬೇಕು, ಎಳೆಯಬೇಕು, ಕೊಡವಬೇಕು, ಹಿಂದಕ್ಕೆ ಹಾಕಬೇಕು. ಹತ್ತನೆಯ ಗಿಡದವರೆಗೆ ನಾನೂ ಹಾಗೇ ಭಾವಿಸಿದ್ದೆ. ಅಲ್ಲಿಂದ ಮುಂದೆ ಸೊಂಟ ತನ್ನ ಮನವಿಯನ್ನು ಸಲ್ಲಿಸಿತು. ಮೊಣಕಾಲು ಅದಕ್ಕೆ ಅನುಮೋದನೆ ನೀಡಿತು. ನಾನು ಜೋರಾಗಿ ಎಳೆದ ಗಿಡಗಳು ಕಾಯಿಗಳನ್ನು ಮಣ್ಣಿನಲ್ಲೇ ಬಿಟ್ಟು ಬರಿಗೈಯಲ್ಲಿ ಮೇಲೆ ಬಂದವು. ಹೊನ್ನಕ್ಕನ ಸೊಸೆ ಸವಿತಾ ನನ್ನ ಹಿಂದೆಯೇ ಬಂದು ಅವನ್ನು ಕೆದರಿ ತೆಗೆಯುತ್ತಿದ್ದಳು. “ನವಿಲಿಗೆ ಬಿಡುದಾ ಮಾವ ಇದು?” ಎಂದು ವಿನಯದಿಂದ ಕೇಳುತ್ತಿದ್ದಳು.

ಮೂರನೆಯ ದಿನ ಸಂಜೆ ನನ್ನ ಮೌಲ್ಯಮಾಪನ ನಡೆಯಿತು. ಸುಮತಿ ಎರಡು ದಿನ ಬಂದಿದ್ದಳು, ಅವಳದ್ದು ಎರಡು ಆಳು, ಅದರಲ್ಲಿ ವಾದವಿಲ್ಲ. ನನ್ನ ಮೂರು ದಿನಕ್ಕೆ ಎಷ್ಟು ಹಿಡಿಯುವುದೆಂಬುದು ಪ್ರಶ್ನೆ.

“ತಮನ್ನ ಅರ್ಧ ಆಳು ಅಂತ ಹಿಡೀವ,” ಎಂದಳು ಹೊನ್ನಕ್ಕ.

ನನ್ನ ಪರ ವಾದಿಸಬಹುದೆಂದು ನಾನು ಸುಮತಿಯ ಕಡೆ ನೋಡಿದೆ.

“ಅರ್ಧ ಜಾಸ್ತಿ ಆತಿಲ್ವ ಹೊನ್ನಕ್ಕ?” ಎಂದಳು ಸುಮತಿ.

ಕಚೇರಿಯಲ್ಲಿ ನಾನು ಅಷ್ಟೂ ವರ್ಷ ಒಂದು ಪೂರ್ಣ ಹುದ್ದೆಯಾಗಿದ್ದೆ. ಪ್ರತಿ ವರ್ಷ ಗುಪ್ತ ವರದಿಯಲ್ಲಿ ‘ಉತ್ತಮ’ ಎಂದು ಬರೆಯಲಾಗುತ್ತಿತ್ತು. ಆದರೂ ನನ್ನ ಕೆಲಸವನ್ನು ಮೂರು ದಿನ ಪಕ್ಕದಲ್ಲೇ ಬಗ್ಗಿ ನೋಡಿ, ನನ್ನೆದುರೇ ಅಳೆದು ಹೇಳಿದ ಮೇಲಧಿಕಾರಿ ಅಲ್ಲಿ ಯಾರೂ ಇರಲಿಲ್ಲ. ಅರ್ಧಕ್ಕೆ ಒಪ್ಪಿಕೊಂಡೆ. ಮೂರು ಅರ್ಧ ಸೇರಿ ಒಂದೂವರೆ, ಸುಮತಿಯ ಎರಡು, ಒಟ್ಟು ಮೂರೂವರೆ ಆಳು ನಮ್ಮ ಜಮೆಗೆ ಬಿತ್ತು.

ಮರುದಿನ ಹೊನ್ನಕ್ಕ, ಸವಿತಾ, ಹೊನ್ನಕ್ಕನ ತಂಗಿ, ಮೂವರೂ ನಮ್ಮ ಗದ್ದೆಗೆ ಇಳಿದರು. ಎರಡು ದಿನದಲ್ಲಿ ಇಪ್ಪತ್ತು ಗುಂಟೆ ಬೋಳಾಯಿತು. ನನಗೆ ಚಹಾ ತರುವ ಕೆಲಸ ಕೊಟ್ಟಿದ್ದರು. ಅದನ್ನು ಪೂರ್ಣ ಆಳಿನ ದಕ್ಷತೆಯಿಂದ ನಿರ್ವಹಿಸಿದೆ. ಗಿಡಗಳನ್ನು ಜಗಲಿಗೆ ಸಾಗಿಸಿ ತಾಡಪಾಲು ಮುಚ್ಚಿದ ಮಾರನೆಯ ಬೆಳಿಗ್ಗೆ ಮಳೆ ಬಂತು. ಅಂಗಳದಲ್ಲಿ ಹರಿದು ಹೋಗುವಷ್ಟು ಬಂತು. ನಾವು ಐವರೂ ಜಗಲಿಯಲ್ಲಿ ಕೂತು ಗಿಡದಿಂದ ಕಾಯಿ ಬಿಡಿಸುತ್ತ ಅದನ್ನು ನೋಡಿದೆವು. ಸವಿತಾ ಎದ್ದು ತಾಡಪಾಲಿನ ಅಂಚನ್ನು ಒಳಕ್ಕೆ ಮಡಚಿದಳು.

ಹೊರಡುವ ಮುನ್ನ ಹೊನ್ನಕ್ಕ ಬೆರಳು ಮಡಚಿದಳು. ಅವರು ಗದ್ದೆಯಲ್ಲಿ ಕೊಟ್ಟದ್ದು ಆರು ಆಳು, ನಾವು ಕೊಟ್ಟದ್ದು ಮೂರೂವರೆ. ಬಿಡಿಸಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಹರಟೆ.

“ಎರಡೂವರೆ ನಿಮ್ಮ ಮೇಲೆ,” ಎಂದಳು. “ಅರ್ಧ ಎಂತಕೆ, ಬಿಡು. ಎರಡು ಅಂತ ಇಟ್ಕಣಿ. ನಾಟಿಗೆ ಎರಡು ದಿನ ಬಂದ್ರೆ ಆಯ್ತು.”

ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ಸುಮತಿ ಈ ರಿಯಾಯಿತಿಗೆ ಒಪ್ಪಲಿಲ್ಲ. “ಬ್ಯಾಡ ಹೊನ್ನಕ್ಕ, ಎರಡೂವರೆನೇ ಇರ್ಲಿ.” ಹೊನ್ನಕ್ಕ ಒಂದು ಕ್ಷಣ ಅವಳನ್ನು ನೋಡಿದಳು, “ಹೌದು, ಇರ್ಲಿ” ಎಂದು ಛತ್ರಿ ಬಿಡಿಸಿ ಇಳಿದು ಹೋದಳು.

ಬಿಟ್ಟುಕೊಟ್ಟ ಅರ್ಧ ದಿನವನ್ನು ಬೇಡವೆನ್ನುವುದು ಯಾವ ಮಿತವ್ಯಯ ಎಂದು ನಾನು ವಿಚಾರಿಸಿದೆ. ಅರ್ಧ ದಿನದ ಕೆಲಸಕ್ಕೆ ಯಾರಾದರೂ ಗದ್ದೆಗೆ ಬರುತ್ತಾರೆಯೇ ಎಂದು ಅವಳು ಕೇಳಿದಳು. ಬರುವುದಿಲ್ಲ, ಬಂದರೆ ಇಡೀ ದಿನ. ಆಗ ಅರ್ಧ ದಿನ ಹೆಚ್ಚಾಗಿ ಅವರ ಮೇಲೆ ಬೀಳುತ್ತದೆ. ಅವರು ತೀರಿಸಲು ಬಂದರೆ ಪುನಃ ಅರ್ಧ ನಮ್ಮ ಮೇಲೆ. ನಾನು ಬೆರಳಿನಲ್ಲಿ, ಆಮೇಲೆ ಪೆನ್ಸಿಲಿನಲ್ಲಿ ಮಾಡಿ ನೋಡಿದೆ. ಹೇಗೆ ತಿರುಗಿಸಿದರೂ ಈ ಖಾತೆ ಇನ್ನು ಮುಗಿಯುವಂತಿಲ್ಲ.

“ನಾಟಿಗೆ ನಾನೂ ಹೋಗ್ತೆ,” ಎಂದೆ, ಸ್ವಲ್ಪ ಉತ್ಸಾಹದಿಂದಲೇ.

“ಹೋಗಿ, ಅಡ್ಡಿಲ್ಲ,” ಎಂದಳು ಸುಮತಿ. “ಆದ್ರೆ ನಿಮ್ದು ಅರ್ಧ ಆಳು. ಎರಡು ದಿನ ಹೋಗಿ, ಇಲ್ಲಾರೆ ನಾಲ್ಕು ದಿನ. ಒಂದು, ಮೂರು ಅಂತ ಹೋಗಿ ಎಲ್ಲಾ ಸಮಾ ಮಾಡಿ ಬರ್ಬೇಡಿ.”