ಕೊಟ್ಟಿಗೆಯ ಗೂಡಿನಲ್ಲಿ ಮೂರು ಕೇಕು

ಕೇಕು ಇಟ್ಟಷ್ಟೂ ಮಾಗುತ್ತದೆ ಎಂದು ಗೆಳತಿಯ ಮನೆಯವರಿಗೆ ಹೇಳಿಕೊಟ್ಟವಳು ನಾನೇ.

ನಮ್ಮಪ್ಪ ಸೊಲ್ಲಾಪುರದ ಬೇಕರಿಯೊಂದರಲ್ಲಿ ಭಟ್ಟಿಯ ಮುಂದೆ ಆಯುಷ್ಯ ಸವೆಸಿದವರು. ಅವರಿಂದ ಕಲಿತ ಹಣ್ಣಿನ ಕೇಕಿಗೆ ಸಿಂದಗಿಯ ನನ್ನ ಮನೆಯಲ್ಲಿ ಗಣೇಶ ಚೌತಿಯ ಹೊತ್ತಿಗೇ ತಯಾರಿ ಶುರುವಾಗುತ್ತಿತ್ತು. ಇಂಡಿ ಕಡೆಯ ಒಣದ್ರಾಕ್ಷಿ, ಖರ್ಜೂರ ಮೋಸಂಬಿ ರಸದಲ್ಲಿ ನೆನೆಯಬೇಕು. ಕುಕ್ಕರಿನ ತಳಕ್ಕೆ ಮರಳು ಹಾಸಿ ಬೇಯಿಸಿ, ಆರಿದ ಮೇಲೆ ಕಾಗದದಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು ಟೇಪು ಅಂಟಿಸುತ್ತಿದ್ದೆ. ನಮ್ಮದು ಬೌದ್ಧರ ಮನೆ, ದೀಪಾವಳಿ ಮಾಡುವುದಿಲ್ಲ. ಕೇಕು ನನ್ನ ಗೆಳತಿಗಾಗಿ. ನಾನು ಬಸ್ಸಿನಲ್ಲಿ ಹೋಗಿ ಕಲಿಸುವ ಹಳ್ಳಿ ಶಾಲೆಯಲ್ಲಿ ಅವಳೂ ಶಿಕ್ಷಕಿ, ಆ ಊರಿನ ಸೊಸೆ. ಅವರ ಮನೆಯಲ್ಲಿ ಮೊಟ್ಟೆ ನಡೆಯದೆಂದು ಮೊಸರು ಹಾಕುತ್ತಿದ್ದೆ. ಇಷ್ಟೆಲ್ಲ ಕಾಳಜಿ ನನಗೆ ಯಾಕೆ ಬೇಕಿತ್ತೋ.

ದಸರೆಯಲ್ಲಿ ಬನ್ನಿ ಕೊಡುವಾಗಲೇ ಡಬ್ಬಿಯೂ ಅವಳ ಕೈ ಸೇರುತ್ತಿತ್ತು. "ದೀಪಾವಳಿಗೆ ಬಿಚ್ಚವಾ. ಇಟ್ಟಷ್ಟೂ ರುಚಿ ಏರತೈತಿ," ಎನ್ನುತ್ತಿದ್ದೆ.

ಹಬ್ಬ ಮುಗಿಸಿ ಬಂದವಳು, "ಭಾಳ ಛಲೋ ಆಗಿತ್ರಿ ಅಕ್ಕಾರ. ನಮ್ಮತ್ತಿ ಎರಡು ತುಂಡು ತಿಂದ್ರು," ಎನ್ನುವಳು. ಡಬ್ಬಿ ಮಾತ್ರ ತಿರುಗಿ ಬರುತ್ತಿರಲಿಲ್ಲ. ಕೇಳುವುದು ಸಣ್ಣತನವೆಂದು ಸುಮ್ಮನಿದ್ದೆ.

ಅವಳ ಮಗಳು ನನ್ನ ಎರಡನೇ ತರಗತಿಯಲ್ಲಿದ್ದಳು. ಮಧ್ಯಾಹ್ನ ಊಟಕ್ಕೆ ಕೂತರೆ ಪಕ್ಕಕ್ಕೆ ಬಂದು, "ಟೀಚರ್, ಇನ್ನೊಂದ್ ತುತ್ತು," ಎಂದು ಬಾಯಿ ತೆರೆಯುವಳು. ತಾಯಿ ನೋಡಿಯೂ ನೋಡದಂತಿರುತ್ತಿದ್ದಳು. ನನಗೆ ಮಕ್ಕಳಿಲ್ಲ. ಆ ತೆರೆದ ಬಾಯಿಗಾಗಿ ಒಂದು ರೊಟ್ಟಿ ಹೆಚ್ಚೇ ಕಟ್ಟಿಕೊಂಡು ಹೋಗುತ್ತಿದ್ದೆ.

ನಾಲ್ಕನೇ ವರ್ಷ ಬನ್ನಿಯ ದಿನ ಗೆಳತಿಗೆ ಜ್ವರ. ನಾನೇ ಅವಳ ಮನೆಗೆ ಹೋದೆ. ಎಮ್ಮೆ ಕಟ್ಟಿದ ಕೊಟ್ಟಿಗೆ ದಾಟಿ ಒಳಗೆ ಹೋಗಬೇಕು. ಅಲ್ಲಿ ಗೋಡೆಯ ಗೂಡಿನಲ್ಲಿ ನನ್ನ ಮೂರು ಡಬ್ಬಿಗಳಿದ್ದವು, ಮೈಮೇಲೆ ಕೊರೆಸಿದ ನಮ್ಮಪ್ಪನ ಹೆಸರಿನ ಸಮೇತ. ನಾನು ಅಂಟಿಸಿದ ಟೇಪನ್ನೂ ಯಾರೂ ಕಿತ್ತಿರಲಿಲ್ಲ.

ಅವಳ ಅತ್ತೆ ಬಂದು ನಾನು ಎಲ್ಲಿ ನೋಡುತ್ತಿದ್ದೇನೆಂದು ನೋಡಿದಳು.

"ನೀವ ಹೇಳಿದ್ರಲ್ಲ ಟೀಚರ್, ಇಟ್ಟಷ್ಟೂ ರುಚಿ ಅಂತ. ಇಟ್ಟೇವಿ," ಎಂದಳು. ಆಮೇಲೆ, "ನಿಮ್ಮ ಮಂದಿ ಮಾಡಿದ್ದು ಒಳಗ ಒಯ್ಯಾಕ ಬರಂಗಿಲ್ರಿ. ಸಿಟ್ಟಾಗಬ್ಯಾಡ್ರಿ."

ಗೆಳತಿ ಬಾಗಿಲಲ್ಲಿ ನಿಂತು ತನ್ನ ಸೆರಗಿನ ಅಂಚು ನೋಡುತ್ತಿದ್ದಳು. ನಾನು ನಾಲ್ಕನೇ ಡಬ್ಬಿಯನ್ನು ಚೀಲದಿಂದ ತೆಗೆಯದೆ ವಾಪಸು ಬಂದೆ. ಬಸ್ಸಿನಲ್ಲಿ ಅಳು ಬರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

ಅಪ್ಪ ಬೇಯಿಸಿದ ಕೇಕನ್ನು ಸೊಲ್ಲಾಪುರದ ಎಂಥೆಂಥ ಮನೆಗಳವರು ತಿಂದರು. ರಟ್ಟಿನ ಪೆಟ್ಟಿಗೆ ಕಂಡವರು ಮಾಡಿದ ಕೈ ಯಾರದೆಂದು ಕೇಳುವುದಿಲ್ಲ. ಸಿಂದಗಿಯ ಬೇಕರಿಯೊಂದರಿಂದ ಖಾಲಿ ಪೆಟ್ಟಿಗೆ ಕೇಳಿ ತಂದು, ಆ ನಾಲ್ಕನೇ ಕೇಕನ್ನು ಕತ್ತರಿಸಿ ಅದರಲ್ಲಿ ಜೋಡಿಸಿ, ದಾರ ಕಟ್ಟಿ ದೀಪಾವಳಿಗೆ ಒಯ್ದೆ.

"ಬೇಕರೀದೇನ್ರಿ?" ಎಂದು ಅತ್ತೆ ಪೆಟ್ಟಿಗೆ ತಿರುಗಿಸಿ ನೋಡಿದಳು. ಎರಡು ತುಂಡು ತಿಂದಳು. ಈ ಸಲ ನಿಜವಾಗಿಯೂ ಎರಡು. ಹುಡುಗಿ ಮೂರನೆಯದನ್ನು ಬಾಯಿಗೆ ತುರುಕಿಕೊಂಡಾಗ ನಾನು ಹೇಳಿದೆ.

"ನಾನ ಮಾಡಿದ್ದರಿ ಅವ್ವಾರ. ಒಂದು ತಿಂಗಳು ಇಟ್ಟಿದ್ದೆ, ನಿಮಗಂತನ."

ತಾನು ನುಂಗಿದ್ದಕ್ಕೆ ಮುದುಕಿ ಏನೂ ಮಾಡುವಂತಿರಲಿಲ್ಲ. ಮೊಮ್ಮಗಳ ದವಡೆ ಹಿಡಿದು, ಬೆರಳು ತೂರಿಸಿ, ಬಾಯೊಳಗಿನದನ್ನೆಲ್ಲ ಗೀರಿ ತೆಗೆದಳು. ಹೊಸ ಲಂಗದ ಮೇಲೆಯೇ ಕೊಡದ ನೀರು ಸುರಿದಳು. ಕೂಸು ಕೆಮ್ಮುತ್ತ, ನಡುಗುತ್ತ ನನ್ನ ಮುಖ ನೋಡಿತು. ನಾನು ನಗುತ್ತಿದ್ದೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ನಕ್ಕಿದ್ದು ನಿಜ, ಹೊಟ್ಟೆ ತಣ್ಣಗಾದದ್ದೂ ನಿಜ.

ಹಬ್ಬ ಮುಗಿದ ಮೇಲೆ ಶಾಲೆಯಲ್ಲಿ ಮಕ್ಕಳಿಗೆ ಬಾಳೆಹಣ್ಣು ಹಂಚುತ್ತಿದ್ದೆ. ಗೆಳತಿಯ ಮಗಳ ಮುಂದೆ ಬಂದಾಗ ಅವಳ ಎರಡೂ ಕೈ ಬೆನ್ನ ಹಿಂದೆ ಸರಿದವು.

"ತಗೋ ಅವ್ವಿ. ಸಿಪ್ಪಿ ಐತಲ್ಲ," ಎಂದೆ. ಅಂಥ ಮಾತು ನನ್ನ ಬಾಯಿಂದಲೇ ಬಂತು.

"ಅಲ್ಲೇ ಇಡ್ರಿ ಟೀಚರ್. ನೀವು ಹ್ವಾದಮ್ಯಾಲ ತಗೋತೇನಿ," ಎಂದಳು, ಬಹಳ ಮೆಲ್ಲಗೆ, ನನಗೆ ಬೇಜಾರಾಗಬಾರದೆಂಬಂತೆ.

ಅಜ್ಜಿ ಅಷ್ಟು ವರ್ಷ ಹೇಳಿ ಕಲಿಸಲಾಗದ್ದನ್ನು ನಾನು ದೀಪಾವಳಿಯ ಒಂದೇ ಮಧ್ಯಾಹ್ನದಲ್ಲಿ ಕಲಿಸಿದ್ದೆ. ಹಣ್ಣನ್ನು ಬೆಂಚಿನ ಮೇಲಿಟ್ಟು ಮುಂದಿನ ಮಗುವಿನ ಕಡೆ ಹೋದೆ.