ಗಿಳಿಮರಿಗೆ ಕತ್ತರಿ

ಇವತ್ತು ಸ್ಯಾನ್ ಡಿಯೇಗೊದ ನಮ್ಮ ಮನೆ ಮೇಲೆ ಕಾಡುಗಿಳಿಗಳ ಹಿಂಡು ಕಿರುಚುತ್ತ ಹೋಯಿತು. ನನ್ನ ಮೂಗಿಗೆ ಅರಿಶಿನದ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ, ಇದೇ ಅಂಗಳದ ಪಾಮ್ ಮರದಿಂದ ಬಿದ್ದ ಗಿಳಿಮರಿಯನ್ನು ಕಾಗೆಗಳು ಕುಕ್ಕುತ್ತಿದ್ದವು. ಅಪ್ಪ ಕಸಬರಿಗೆಯಿಂದ ಅವನ್ನು ಬಡಿದೋಡಿಸಿ ಮರಿಯನ್ನು ಒಳಗೆ ತಂದರು.

"ಇದು ನಮ್ಮ ಕಡಿ ಗಿಳಿ ಅಲ್ರಿ, ನೆತ್ತಿ ಕೆಂಪ ಅದ," ಎಂದಳು ಅಮ್ಮ.

ಅವಳ ಮಾತನ್ನು ಅಪ್ಪ ಯಾವಾಗ ಕೇಳಿದ್ದರು? "ಎಲ್ಲಾ ಗಿಳಿ ಒಂದ. ರೆಕ್ಕಿ ಕತ್ತರಿಸಿದ್ರ ಎಲ್ಲೂ ಹೋಗಂಗಿಲ್ಲ," ಎಂದವರೇ, ಧಾರವಾಡದಲ್ಲಿ ಅಜ್ಜ ಮಾಡುತ್ತಿದ್ದಂತೆ ರೆಕ್ಕೆಯ ಗರಿಗಳಿಗೆ ಕತ್ತರಿ ಹಾಕಿದರು.

ಬೆಳೆಯುವ ಗರಿಯೊಳಗೆ ರಕ್ತ ಹರಿಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ರಕ್ತ ಗೋಡೆಗೆ ಚಿಮ್ಮಿತು. ಅಮ್ಮ ಗಾಯಕ್ಕೆ ಅರಿಶಿನ ಒತ್ತಿದಳು. ಮರಿ ಅವಳ ಬೆರಳನ್ನು ಎಲುಬು ತಾಗುವಷ್ಟು ಕಚ್ಚಿತು. ಅವಳು ಕೈ ತೆಗೆಯಲಿಲ್ಲ. ಕೊನೆಗೆ ಕೊಕ್ಕು ತಾನಾಗಿ ಸಡಿಲವಾಯಿತು; ಮರಿ ಸತ್ತಿತ್ತು.

ಇವತ್ತು ಹಿಂಡು ಹೋಗುವವರೆಗೂ ಅಪ್ಪ ತಲೆ ಎತ್ತಲಿಲ್ಲ. ಅಮ್ಮ ಅಂದಿನ ಕಡಿತದಿಂದ ಸೊಟ್ಟಗಾದ ಬೆರಳಿನ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತಲೇ ಇದ್ದಳು.